ತುರ್ತುಕ್: ಹೊಲ ಒಂದೇ, ಬೆಳೆ ಎರಡು

(ಶಿರಸಿಯಲ್ಲಿ ಕೃಷಿಕರು ಮತ್ತು ಪ್ರವಾಸಾಸಕ್ತರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ತುರ್ತುಕ್ ಅಂದರೆ ಪತ್ರಿಕೆಗಳಲ್ಲಿ, ವಿಡಿಯೋಗಳಲ್ಲಿ ಬರುವುದು ಒಂದೇ ಮಾತು: 1971ರ ಯುದ್ಧದಲ್ಲಿ ಪಾಕಿಸ್ತಾನದ ಕೈಯಿಂದ ಭಾರತಕ್ಕೆ ಬಂದ ಲಡಾಖಿನ ಊರು. ನಿಜವೇ, ಅದನ್ನೂ ಹೇಳೋಣ. ಆದರೆ ಇಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ತೋಟಿಗರು. ತೋಟಿಗರು ಅಲ್ಲಿಗೆ ಹೋದರೆ ಬಂಕರ್‌ಗಿಂತ ಮೊದಲು ನೋಡಬೇಕಾದ್ದು ಹೊಲವನ್ನು. ಲೇಹ್ ಪಟ್ಟಣದಲ್ಲಿ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ ಬೀಳುವುದು 100 ಮಿಲಿಮೀಟರ್ ಆಸುಪಾಸು. ನಮ್ಮ ಘಟ್ಟದ ಮೇಲೆ ಆಷಾಢದ ಒಂದು ಜೋರು ದಿನಕ್ಕೇ ಅಷ್ಟು ಬೀಳುತ್ತದೆ. ಅಂಥ ಒಣಸೀಮೆಯಲ್ಲಿ, ಸುಮಾರು 3,000 ಮೀಟರ್ ಎತ್ತರದಲ್ಲಿ, ಒಂದೇ ಹೊಲದಿಂದ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ ತುರ್ತುಕ್‌ನವರು. ಲಡಾಖಿನ ಬಹುಪಾಲು ಊರುಗಳಿಗೆ ಸಿಗುವುದು ಒಂದೇ ಬೆಳೆ. ಈ ಎರಡನೇ ಬೆಳೆ ಹೇಗೆ ಸಾಧ್ಯವಾಗುತ್ತದೆ, ಎಲ್ಲಿ ತಪ್ಪುತ್ತದೆ ಎನ್ನುವುದೇ ಇವತ್ತಿನ ಮುಖ್ಯ ವಿಷಯ.

ಮೊದಲು ಜಾಗ. ಲೇಹ್‌ನಿಂದ ಸುಮಾರು 205 ಕಿಲೋಮೀಟರ್. ಖರ್ದುಂಗ್ ಲಾ ಕಣಿವೆದಾರಿ ದಾಟಿ ನುಬ್ರಾಕ್ಕೆ ಇಳಿದು, ದಿಸ್ಕಿತ್, ಹುಂದರ್, ಥೋಯಿಸ್ ವಾಯುನೆಲೆ, ಬೋಗ್ದಂಗ್ ದಾಟಿ ಶ್ಯೋಕ್ ನದಿಯ ಜೊತೆಗೇ ಕೆಳಕ್ಕೆ ಸಾಗಬೇಕು. ನದಿ ಇಳಿದ ಹಾಗೆ ಕಣಿವೆ ಕಿರಿದಾಗುತ್ತದೆ, ಎತ್ತರ ಕಡಿಮೆಯಾಗುತ್ತದೆ, ಸೆಕೆ ಏರುತ್ತದೆ. ಚಲುಂಕಾ, ತುರ್ತುಕ್, ತ್ಯಾಕ್ಷಿ, ಥಾಂಗ್ ಎಂಬ ನಾಲ್ಕು ಊರುಗಳ ಸಾಲು ಅದು. ಥಾಂಗ್ ಕೊನೆಯದು, ಅಲ್ಲಿಂದ ನಿಯಂತ್ರಣ ರೇಖೆಗೆ ಮೂರು ಕಿಲೋಮೀಟರೂ ಇಲ್ಲ. ‘ಅಂತರರಾಷ್ಟ್ರೀಯ ಗಡಿ’ ಎಂದು ಬಾಯಿತಪ್ಪಿ ಹೇಳುವವರು ಬಹಳ. ಅದು ಗಡಿಯಲ್ಲ, ನಿಯಂತ್ರಣ ರೇಖೆ. ಈ ವ್ಯತ್ಯಾಸದಿಂದಲೇ ಈ ಊರು ಇವತ್ತು ಭಾರತದಲ್ಲಿದೆ.

ಅದು ಹೇಗೆಂದರೆ, 1947–48ರ ಯುದ್ಧ ಮುಗಿದಾಗ ತುರ್ತುಕ್ ಕದನವಿರಾಮ ರೇಖೆಯ ಆ ಬದಿಗೆ, ಪಾಕಿಸ್ತಾನದ ಹಿಡಿತದಲ್ಲಿರುವ ಬಾಲ್ಟಿಸ್ತಾನದ ಜೊತೆ ಉಳಿಯಿತು. 1971ರ ಡಿಸೆಂಬರ್‌ನಲ್ಲಿ ಮೇಜರ್ ಚೆವಾಂಗ್ ರಿಂಚೆನ್ ಮುಂದಾಳುತನದಲ್ಲಿ ಲಡಾಖ್ ಸ್ಕೌಟ್ಸ್ ಮತ್ತು ನುಬ್ರಾ ಗಾರ್ಡ್ಸ್ ಪಡೆ ಶ್ಯೋಕ್ ಕಣಿವೆಯಲ್ಲಿ ಮುಂದೊತ್ತಿತು. ಮೊದಲು ಚಲುಂಕಾ, ಆಮೇಲೆ ತುರ್ತುಕ್, ಕೊನೆಗೆ ಥಾಂಗ್. ಡಿಸೆಂಬರ್ 17ಕ್ಕೆ ಕದನವಿರಾಮ. ರಿಂಚೆನ್ ಅದೇ ನುಬ್ರಾದ ಸುಮೂರ್ ಊರಿನವರು. 1948ರಲ್ಲೇ, ಇನ್ನೂ ಹದಿಹರೆಯದಲ್ಲಿ, ಮಹಾವೀರ ಚಕ್ರ ಪಡೆದಿದ್ದರು. 1971ಕ್ಕೆ ಅದೇ ಪದಕ ಎರಡನೇ ಸಲ ಬಂತು. 1972ರ ಜುಲೈ 2ರ ಶಿಮ್ಲಾ ಒಪ್ಪಂದದಲ್ಲಿ ಎರಡು ಬೇರೆ ಬೇರೆ ಅಂಶಗಳಿವೆ. ಅಂತರರಾಷ್ಟ್ರೀಯ ಗಡಿಯಲ್ಲಿ ಎರಡೂ ಸೇನೆಗಳು ತಮ್ಮ ತಮ್ಮ ಬದಿಗೆ ಹಿಂದೆ ಸರಿಯಬೇಕು. ಜಮ್ಮು-ಕಾಶ್ಮೀರದಲ್ಲಿ ಮಾತ್ರ 1971ರ ಡಿಸೆಂಬರ್ 17ರ ಕದನವಿರಾಮದಿಂದ ಉಂಟಾದ ರೇಖೆಯನ್ನೇ ಇಬ್ಬರೂ ಗೌರವಿಸಬೇಕು. ಹಾಗಾಗಿ ಸಿಂಧ್, ಪಂಜಾಬ್ ಕಡೆ ಗೆದ್ದ ನೆಲ ವಾಪಸ್ ಹೋಯಿತು, ತುರ್ತುಕ್ ಉಳಿಯಿತು.

ಊರಿನವರಿಗೆ ಇದರ ಅರ್ಥ ಏನಾಯಿತು ಎಂದರೆ, ಆ ಡಿಸೆಂಬರ್‌ನಲ್ಲಿ ಕೆಲಸಕ್ಕೋ ಓದಿಗೋ ಬಾಲ್ಟಿಸ್ತಾನದ ಖಪ್ಲು, ಸ್ಕರ್ದು ಊರುಗಳ ಕಡೆ ಹೋಗಿದ್ದವರು ಆ ಕಡೆಯೇ ಉಳಿದರು. ಖಪ್ಲು ಇರುವುದು ಇದೇ ಶ್ಯೋಕ್ ದಂಡೆಯಲ್ಲಿ, ಕೆಳಗಡೆ. ನದಿ ಹೋಗುತ್ತದೆ, ಜನ ಹೋಗುವ ಹಾಗಿಲ್ಲ. ವೀಸಾ ಸಿಕ್ಕವರು ಲೇಹ್‌ನಿಂದ ಬಯಲಿಗೆ ಇಳಿದು, ಅಟಾರಿ–ವಾಘಾ ದಾಟಿ, ಲಾಹೋರ್, ಇಸ್ಲಾಮಾಬಾದ್ ಮೂಲಕ ಮತ್ತೆ ಬೆಟ್ಟ ಹತ್ತಿ ಸ್ಕರ್ದು ಸೇರಬೇಕಿತ್ತು. 2025ರ ಏಪ್ರಿಲ್‌ನಲ್ಲಿ ಅಟಾರಿಯ ಬಾಗಿಲನ್ನೂ ಮುಚ್ಚಲಾಯಿತು. ಊರಿನ ಮಾತು ಬಾಲ್ಟಿ, ಟಿಬೆಟನ್ ಕುಟುಂಬದ ಭಾಷೆ. ಜನ ಹೆಚ್ಚಾಗಿ ನೂರ್‌ಬಕ್ಷಿಯಾ ಸೂಫಿ ಪಂಥದ ಮುಸ್ಲಿಮರು. ಬೇಸಾಯದ ರೀತಿ, ಅಡುಗೆ, ಮನೆ ಕಟ್ಟುವ ಕ್ರಮ ಎಲ್ಲ ಬಾಲ್ಟಿಸ್ತಾನದ್ದು. 1999ರಲ್ಲಿ ಕಾರ್ಗಿಲ್ ಯುದ್ಧ ಇಲ್ಲಿಯೂ ನಡೆಯಿತು. ಕ್ಯಾಪ್ಟನ್ ಹನೀಫುದ್ದೀನ್ ಮಡಿದ ಆ ಭಾಗಕ್ಕೆ ಸೇನೆ ಅವರ ಹೆಸರನ್ನೇ ಇಟ್ಟಿದೆ. ಹೊರಗಿನ ಪ್ರವಾಸಿಗರಿಗೆ ಊರು ತೆರೆದದ್ದು 2010ರಲ್ಲಿ. ಇಷ್ಟು ಸಾಕು, ಇನ್ನು ನೀರಿಗೆ ಬರೋಣ.

ಶ್ಯೋಕ್ ದೊಡ್ಡ ನದಿ, ಊರಿನ ಕೆಳಗೇ ಹರಿಯುತ್ತದೆ. ಬೇಸಾಯಕ್ಕೆ ಅದರಿಂದ ಪ್ರಯೋಜನವಿಲ್ಲ. ಹೊಲಗಳು ಎತ್ತರದ ದಿಬ್ಬದ ಮೇಲಿವೆ, ನದಿ ತಗ್ಗಿನಲ್ಲಿದೆ. ಉಪಯೋಗಕ್ಕೆ ಬರುವುದು ಪಕ್ಕದ ಕಣಿವೆಯಿಂದ ಇಳಿಯುವ ಹಳ್ಳ. ಈ ಹಳ್ಳವೇ ಊರನ್ನು ಎರಡು ಕೇರಿ ಮಾಡಿದೆ: ಹಳೆಯ ಭಾಗ ಯೂಲ್, ಆಚೆ ದಂಡೆಯ ಮೇಲಿನ ಹರವಾದ ಭಾಗ ಫರೋಲ್. ಊರಿಗಿಂತ ಮೇಲೆ, ಹಳ್ಳ ಇನ್ನೂ ಎತ್ತರದಲ್ಲಿರುವಾಗಲೇ ನೀರು ತಿರುಗಿಸಿ, ಇಳಿಜಾರಿಗೆ ಅಡ್ಡವಾಗಿ ಕಲ್ಲು ಕಟ್ಟಿದ ಕಾಲುವೆಯಲ್ಲಿ ತರುತ್ತಾರೆ. ಅಲ್ಲಿಂದ ಕೈಕಾಲುವೆಗಳು ಮನೆ ಮನೆಯ ಬದಿಯಲ್ಲಿ, ಓಣಿಯ ಅಂಚಿನಲ್ಲಿ, ಮರಗಳ ಬುಡದಲ್ಲಿ ಹಾದು ಹೊಲ ಸೇರುತ್ತವೆ. ಗೇಟು, ಸ್ಕ್ರೂ ಏನೂ ಬೇಕಿಲ್ಲ. ಒಂದು ಚಪ್ಪಟೆ ಕಲ್ಲು, ಹುಲ್ಲಿನ ಹೆಂಟೆ, ಸಂದಿಗೆ ಹಳೆಯ ಬಟ್ಟೆ: ಇದಿಷ್ಟರಲ್ಲಿ ಒಂದು ಕವಲು ಮುಚ್ಚಿ ಇನ್ನೊಂದನ್ನು ತೆರೆಯುತ್ತಾರೆ.

ಕಾಲುವೆಯ ಇಳಿಜಾರು ಬಹಳ ಮುಖ್ಯ. ಹೆಚ್ಚಾದರೆ ನೀರು ತಳ ಕೊರೆದು ಕಲ್ಲುಗಳನ್ನೇ ಎತ್ತಿಕೊಂಡು ಹೋಗುತ್ತದೆ. ಕಡಿಮೆಯಾದರೆ ಹಿಮನದಿ ಅರೆದು ತರುವ ಬೂದಿಯಂಥ ನುಣ್ಣನೆಯ ಕೆಸರು ತಳದಲ್ಲಿ ಕೂರುತ್ತದೆ, ಕಾಲುವೆ ಮೇಲಕ್ಕೇರುತ್ತಾ ಹೋಗುತ್ತದೆ, ಒಂದು ರಾತ್ರಿ ದಂಡೆ ಹಾರುತ್ತದೆ. ದಂಡೆ ಒಡೆಯುವುದು ಹೆಚ್ಚಾಗಿ ಸಂಜೆಯ ಮೇಲೆಯೇ. ಹಿಮದ ನೀರಿಗೆ ದಿನದ ಲೆಕ್ಕ ಇದೆ: ಹಗಲಿನ ಬಿಸಿಲಿಗೆ ಕರಗಿದ್ದು ಕೆಳಗಿನ ಊರು ಮುಟ್ಟುವಾಗ ಮಧ್ಯಾಹ್ನ ಕಳೆದಿರುತ್ತದೆ. ಬೆಳಗಿನ ಜಾವ ಹಳ್ಳ ಸೊರಗಿರುತ್ತದೆ, ಸಂಜೆಗೆ ಕೆನ್ನೀರು ತುಂಬಿ ಬರುತ್ತದೆ. ಹಾಗಾಗಿ ನೀರಿನ ಪಾಳಿಯನ್ನು ಗಂಟೆ ಲೆಕ್ಕದಲ್ಲಿ ಸಮ ಹಂಚಿದರೆ ಸಮವಾಗುವುದಿಲ್ಲ; ಬೆಳಗಿನ ಎರಡು ಗಂಟೆಗೂ ಸಂಜೆಯ ಎರಡು ಗಂಟೆಗೂ ಅಜಗಜಾಂತರ. ಪಾಳಿಯನ್ನು ತಿರುಗಿಸುತ್ತಾ ಇರಬೇಕು. ಲಡಾಖಿನ ಊರುಗಳಲ್ಲಿ ಇದಕ್ಕೆಂದೇ ನೀರುಗಂಟಿ ಇರುತ್ತಾನೆ, ಚುರ್ಪೊನ್ ಎನ್ನುತ್ತಾರೆ. ಊರವರೇ ಸರದಿಯಲ್ಲೋ ಆಯ್ಕೆಯಿಂದಲೋ ನೇಮಿಸುವ ಮನುಷ್ಯ. ಹಲವು ಊರುಗಳಲ್ಲಿ ರಾತ್ರಿ ನೀರು ಪೋಲಾಗದ ಹಾಗೆ ಹಿಡಿದಿಡುವ ಝಿಂಗ್ ಎಂಬ ಕೆರೆಗಳೂ ಉಂಟು.

ನಿಜವಾದ ಕಷ್ಟ ಬೇಸಿಗೆಯ ನಡುವೆ ಬರುವುದಿಲ್ಲ, ಏಪ್ರಿಲ್–ಮೇಯಲ್ಲಿ ಬರುತ್ತದೆ. ಬಿತ್ತನೆಗೆ ನೀರು ಬೇಕಾದ ಹೊತ್ತಿಗೆ ಮೇಲಿನ ಹಿಮನದಿ ಇನ್ನೂ ಕರಗಲು ಶುರುವಾಗಿರುವುದಿಲ್ಲ. ಜುಲೈನಲ್ಲಿ ಬೇಡವೆಂದರೂ ನೀರು. ಲಡಾಖಿನಲ್ಲಿ ಚೆವಾಂಗ್ ನೋರ್ಫೆಲ್ 1980ರ ದಶಕದಿಂದ ಕಟ್ಟಿದ ‘ಕೃತಕ ಹಿಮನದಿ’ಗಳು, ಸೋನಮ್ ವಾಂಗ್‌ಚುಕ್ ತಂಡದ ಐಸ್ ಸ್ತೂಪಗಳು ಈ ಎರಡು ತಿಂಗಳಿಗಾಗಿಯೇ ಹುಟ್ಟಿದವು. ಚಳಿಗಾಲದಲ್ಲಿ ಸುಮ್ಮನೆ ಹರಿದುಹೋಗುವ ನೀರನ್ನು ಊರಿಗೆ ಹತ್ತಿರ, ಕಡಿಮೆ ಎತ್ತರದಲ್ಲಿ ಗಡ್ಡೆಗಟ್ಟಿಸಿ ಇಟ್ಟರೆ ಅದು ಮೇಲಿನ ಹಿಮನದಿಗಿಂತ ಮೊದಲೇ ಕರಗುತ್ತದೆ. ಲೆಕ್ಕ ಅಷ್ಟೇ.

ಈಗ ಎರಡು ಬೆಳೆ. ಮೊದಲನೆಯದು ಬಾರ್ಲಿ, ಎರಡನೆಯದು ಬಕ್‌ವೀಟ್; ಉತ್ತರದವರು ನವರಾತ್ರಿ ಉಪವಾಸಕ್ಕೆ ಬಳಸುವ ಕುಟ್ಟು ಹಿಟ್ಟಿನ ಕಾಳು. ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ಬಾರ್ಲಿ ಬಿತ್ತನೆ. ಜುಲೈ ಮೊದಲ ಭಾಗದಲ್ಲಿ ಕೊಯ್ಲು. ಕೊಯ್ದ ಹೊಲಕ್ಕೆ ಕೂಡಲೇ ನೀರು ಬಿಟ್ಟು, ಹದ ಬಂದಾಗ ಉತ್ತು, ಬಕ್‌ವೀಟ್ ಎರಚಿ ಬಿತ್ತುತ್ತಾರೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ಗೆ ಅದೂ ಕೊಯ್ಲಿಗೆ ಬರುತ್ತದೆ.

ಈ ಕ್ರಮವನ್ನು ತಿರುಗುಮುರುಗು ಮಾಡಲು ಬರುವುದಿಲ್ಲ. ಬಾರ್ಲಿಯ ಎಳೆ ಸಸಿ ಇಬ್ಬನಿ ಹೆಪ್ಪುಗಟ್ಟುವ ಚಳಿಯನ್ನು ತಡೆದುಕೊಳ್ಳುತ್ತದೆ, ಆದ್ದರಿಂದ ಚಳಿ ಪೂರ್ತಿ ಹೋಗುವ ಮೊದಲೇ ಬಿತ್ತಬಹುದು. ಬಕ್‌ವೀಟ್‌ಗೆ ಒಂದೇ ಒಂದು ಹಿಮದ ರಾತ್ರಿ ಸಾಕು, ಗಿಡ ಬೆಂದ ಸೊಪ್ಪಿನ ಹಾಗೆ ಕಪ್ಪಾಗಿ ಮಲಗುತ್ತದೆ. ಆದರೆ ಅದಕ್ಕೆ ಬೇಕಾದ ಅವಧಿ ಚಿಕ್ಕದು, ಎರಡೂವರೆ ಮೂರು ತಿಂಗಳಲ್ಲಿ ಮುಗಿಯುತ್ತದೆ. ಚಳಿ ತಡೆಯುವುದು ಮೊದಲು, ಚುರುಕಾದ್ದು ಆಮೇಲೆ. ತುರ್ತುಕ್‌ನ ಎತ್ತರ ಲೇಹ್‌ಗಿಂತ 500 ಮೀಟರ್‌ನಷ್ಟು ಕಡಿಮೆ. ಕಿರಿದಾದ ಕಣಿವೆಯ ಬಂಡೆಗೋಡೆ ಹಗಲು ಹೀರಿದ ಶಾಖವನ್ನು ರಾತ್ರಿ ಬಿಡುತ್ತದೆ. ಈ ಎರಡೂ ಸೇರಿ ಋತುವಿಗೆ ಕೆಲವು ವಾರ ಹೆಚ್ಚು ಸಿಗುತ್ತದೆ. ಎರಡನೇ ಬೆಳೆ ನಿಂತಿರುವುದು ಆ ಕೆಲವು ವಾರಗಳ ಮೇಲೆ.

ತಪ್ಪುವುದೂ ಅಲ್ಲೇ. ವಸಂತದಲ್ಲಿ ನೀರು ತಡವಾದರೆ ಬಾರ್ಲಿ ತಡ, ಬಾರ್ಲಿ ತಡವಾದರೆ ಬಕ್‌ವೀಟ್ ಹೂವಿನಲ್ಲಿರುವಾಗಲೇ ಚಳಿಗೆ ಸಿಕ್ಕಿಬೀಳುತ್ತದೆ. ಹೀಗಾಗಿ ಜುಲೈನ ಆ ಕೆಲವು ದಿನ ಊರಿನಲ್ಲಿ ಯಾರಿಗೂ ಪುರಸೊತ್ತಿಲ್ಲ: ಕೊಯ್ಲು, ನೀರು, ಉಳುಮೆ, ಬಿತ್ತನೆ, ಮೇಲಿಂದ ಹಣ್ಣಿನ ಕಾಲವೂ ಅದೇ. ಬಕ್‌ವೀಟ್‌ಗೆ ಇನ್ನೊಂದು ಸ್ವಭಾವ: ಕಾಳು ಒಟ್ಟಿಗೆ ಹಣ್ಣಾಗುವುದಿಲ್ಲ. ಕೆಳಗಿನ ಕಾಳು ಉದುರಲು ತಯಾರಾದಾಗ ತುದಿಯಲ್ಲಿ ಇನ್ನೂ ಹೂ ಇರುತ್ತದೆ. ಎಲ್ಲ ಹಣ್ಣಾಗಲಿ ಎಂದು ಕಾದರೆ ಮೊದಲಿನದೆಲ್ಲ ನೆಲದ ಪಾಲು. ಮುಕ್ಕಾಲು ಭಾಗ ಕಾಳು ಕಂದು ಬಣ್ಣಕ್ಕೆ ತಿರುಗಿದಾಗ, ಬೆಳಿಗ್ಗೆ ಗಿಡದಲ್ಲಿ ಇನ್ನೂ ತೇವ ಇರುವಾಗ ಕೊಯ್ಯಬೇಕು. ಬಿಸಿಲೇರಿದ ಮೇಲೆ ಮುಟ್ಟಿದರೆ ಉದುರುತ್ತದೆ.

ಬಕ್‌ವೀಟ್‌ನಲ್ಲಿ ಎರಡು ಜಾತಿ: ಸಿಹಿ, ಕಹಿ. ಕಹಿ ಜಾತಿ ಚಳಿಗೆ ಹೆಚ್ಚು ಗಟ್ಟಿ, ಜೇನುಹುಳದ ಹಂಗಿಲ್ಲದೆ ತಾನೇ ಕಾಯಿ ಕಟ್ಟುತ್ತದೆ. ಅದರ ಹಿಟ್ಟು ಒಣಗಿದ್ದಾಗ ಅಷ್ಟು ಕಹಿ ಅಲ್ಲ. ನೀರು ಬಿದ್ದಾಗ ಅದರೊಳಗಿನ ಕಿಣ್ವವೊಂದು ರೂಟಿನ್ ಎಂಬ ವಸ್ತುವನ್ನು ಒಡೆಯುತ್ತದೆ, ಆಗ ಕಹಿ ಏಳುತ್ತದೆ. ಹಿಟ್ಟಿನಲ್ಲಿ ಗೋಧಿಯ ಅಂಟು ಇಲ್ಲದ್ದರಿಂದ ಲಟ್ಟಿಸಿದರೆ ಒಡೆಯುತ್ತದೆ. ಆದ್ದರಿಂದ ನೀರು ಹಿಟ್ಟು ಮಾಡಿ ಕಾವಲಿಯ ಮೇಲೆ ಹುಯ್ಯುತ್ತಾರೆ. ಇದು ಕಿಸಿರ್. ಜೊತೆಗೆ ಮೊಸರು, ಸೊಪ್ಪು ಸೇರಿಸಿ ಅರೆದ ಚಟ್ನಿ, ಅಥವಾ ಅಕ್ರೋಟು ಮತ್ತು ಜರ್ದಾಳು ಬೀಜ ಅರೆದ ಗಟ್ಟಿ ಗೊಜ್ಜು. ತೆಳ್ಳೇವು (ತೆಳು ಅಕ್ಕಿದೋಸೆ) ತಿಂದು ಬೆಳೆದವರಿಗೆ ಪರಿಚಯ ಬೇಕಾಗಲಿಕ್ಕಿಲ್ಲ.

ಮೂರನೆಯ ಬೆಳೆ ಮರದ ಮೇಲಿದೆ: ಏಪ್ರಿಕಾಟ್, ನಮ್ಮ ಕಿರಾಣಿ ಅಂಗಡಿಯ ಜರ್ದಾಳು. ಲಡಾಖ್, ಬಾಲ್ಟಿಸ್ತಾನ ಎರಡೂ ಕಡೆ ಚುಲಿ ಎನ್ನುತ್ತಾರೆ. ಹೊಲದ ಬದುವಿನ ಮೇಲೆ, ಕಾಲುವೆಯ ಅಂಚಿನಲ್ಲಿ ಮರ. ಹೊಲಕ್ಕೆ ಹಾಯುವ ನೀರೇ ಅದಕ್ಕೂ. ಏಪ್ರಿಲ್‌ನಲ್ಲಿ ಎಲೆ ಬರುವ ಮೊದಲೇ ಹೂ. ಹೂ ಪೂರ್ತಿ ಅರಳಿದಾಗ ಉಷ್ಣತೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಇಳಿದರೆ ಹೂವಿನ ನಡುವಿನ ಅಂಡಾಶಯ ಕಪ್ಪಾಗುತ್ತದೆ. ದಳ ಬೆಳ್ಳಗೇ ಇರುವುದರಿಂದ ಮೇಲ್ನೋಟಕ್ಕೆ ತಿಳಿಯುವುದಿಲ್ಲ, ಒಂದು ಹೂ ಸೀಳಿ ನೋಡಬೇಕು. ಹಣ್ಣು ಜುಲೈ, ಆಗಸ್ಟ್. ಮರದಿಂದ ಇಳಿದ ಮೇಲೆ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ತಾಳದು. 200 ಕಿಲೋಮೀಟರ್ ಬೆಟ್ಟದ ದಾರಿಯಲ್ಲಿ ಹಸಿ ಹಣ್ಣು ಸಾಗಿಸುವುದಕ್ಕಿಂತ ಒಣಗಿಸುವುದೇ ಸರಿ. ಲಡಾಖಿನ ತಾಜಾ ಏಪ್ರಿಕಾಟ್ ದುಬೈಗೆ ವ್ಯಾಪಾರಕ್ಕೆ ಹೋದದ್ದೇ 2021ರಲ್ಲಿ.

ಒಣಗಿಸುವ ಕ್ರಮ ಹೀಗೆ. ಹಣ್ಣು ಪೂರ್ತಿ ಬಣ್ಣ ತಿರುಗಿರಬೇಕು, ಹಿಚುಕಿದರೆ ರಸ ಬರುವಷ್ಟು ಮೆತ್ತಗಾಗಿರಬಾರದು. ಕೊಂಬೆ ಅಲುಗಾಡಿಸಿ ಕೆಳಗೆ ಹಾಸಿದ ಬಟ್ಟೆಯ ಮೇಲೆ ಬೀಳಿಸುತ್ತಾರೆ. ಬರಿ ನೆಲಕ್ಕೆ ಬಿದ್ದದ್ದು ಗಾಯವಾಗಿ, ಆ ಜಾಗದಲ್ಲೇ ಕಪ್ಪಾಗುತ್ತದೆ. ಸೀಳುಗೆರೆಯ ಉದ್ದಕ್ಕೆ ಬಿಡಿಸಿ, ಗೊರಟೆ ತೆಗೆದು, ಬಟ್ಟಲಿನ ಹಾಗೆ ಒಳಮೈ ಮೇಲೆ ಮಾಡಿ ಒಂದೇ ಪದರದಲ್ಲಿ ಹರಡಬೇಕು. ಕವುಚಿಟ್ಟರೆ ರಸ ಸುರಿದು ಹಾಸಿಗೇ ಅಂಟುತ್ತದೆ. ಸೀಳಿದ್ದಕ್ಕೆ ಒಳ್ಳೆಯ ಬಿಸಿಲಿನಲ್ಲಿ ಮೂರು ನಾಲ್ಕು ದಿನ, ಇಡೀ ಹಣ್ಣಿಗೆ ವಾರ ಬೇಕು. ಐದಾರು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣ ಹಣ್ಣು. ಹಸಿಯಲ್ಲಿ ನೂರಕ್ಕೆ 85ರಷ್ಟಿದ್ದ ನೀರು 20ಕ್ಕೆ ಇಳಿದಾಗ ಹದ. ಮಡಚಿದರೆ ಚರ್ಮದ ಹಾಗೆ ಬಾಗಬೇಕು, ಹಿಂಡಿದರೆ ಬೆರಳಿಗೆ ಪಸೆ ಹತ್ತಬಾರದು. ಆಮೇಲೆ ಕೆಲವು ದಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಹೆಚ್ಚು ಒಣಗಿದ್ದೂ ಕಡಿಮೆ ಒಣಗಿದ್ದೂ ಸಮಕ್ಕೆ ಬರುತ್ತವೆ. ಇದನ್ನು ಬಿಟ್ಟು ನೇರ ಚೀಲ ಕಟ್ಟಿದರೆ ಹಸಿ ಉಳಿದ ನಾಲ್ಕು ತುಂಡುಗಳಿಂದ ಇಡೀ ಚೀಲಕ್ಕೆ ಬೂಷ್ಟು.

ಇಲ್ಲಿ ಅಡಿಕೆ ಒಣಗಿಸುವವರು ಕೇಳುವ ಪ್ರಶ್ನೆ ಸಹಜ: ಅಷ್ಟು ತಂಪು ಊರಿನಲ್ಲಿ ಹೇಗೆ ಇಷ್ಟು ಬೇಗ ಒಣಗುತ್ತದೆ? ಒಣಗಿಸುವುದು ಬಿಸಿಲಿನ ಕಾವೊಂದೇ ಅಲ್ಲ, ಗಾಳಿಯ ಒಣತನ. ನಮ್ಮ ಅಂಗಳದಲ್ಲಿ 32 ಡಿಗ್ರಿ ಇದ್ದರೂ ಗಾಳಿಯೇ ನೀರು ಕುಡಿದು ಕೂತಿರುತ್ತದೆ, ಸಿಪ್ಪೆ ಸಮೇತ ಒಣಗಿಸುವ ಚಾಲಿ ಅಡಿಕೆಗೆ ತಿಂಗಳ ಮೇಲೆ ಹಿಡಿಯುತ್ತದೆ. ಅಲ್ಲಿ 25 ಡಿಗ್ರಿಯ ಒಣ ಗಾಳಿ ತೇವವನ್ನು ಎಳೆದುಕೊಂಡು ಹೋಗುತ್ತದೆ. ಅಲ್ಲಿನ ವೈರಿ ಮಳೆಗಿಂತ ಧೂಳು. ಮಧ್ಯಾಹ್ನದ ಮೇಲೆ ಶ್ಯೋಕ್ ಕಣಿವೆಯಲ್ಲಿ ಗಾಳಿ ಏಳುತ್ತದೆ, ನದಿಯ ಮರಳನ್ನೆಲ್ಲ ಹೊತ್ತು ತರುತ್ತದೆ. ಬಂಡೆಯ ಮೇಲೆ, ಬಯಲಿನಲ್ಲಿ ಒಣಗಿಸಿದ ಹಣ್ಣು ಹಲ್ಲಿಗೆ ಕರಕರ ಎನ್ನುವುದು ಇದಕ್ಕೇ. ಜಾಲರಿ ಹೊದಿಸಿದ ತಟ್ಟೆ, ಪ್ಲಾಸ್ಟಿಕ್ ಹಾಳೆಯ ಸೋಲಾರ್ ಡ್ರೈಯರ್ ಬಳಸಿದವರ ಮಾಲಿಗೆ ಬೆಲೆ ಹೆಚ್ಚು ಸಿಗುವುದಕ್ಕೂ ಅದೇ ಕಾರಣ. ಡ್ರೈಯರ್‌ನಲ್ಲಿ ಗಾಳಿ ಹೊರಹೋಗುವ ಕಿಂಡಿ ಚಿಕ್ಕದಾದರೆ ಮಾತ್ರ ಒಳಗೆ ಬೆವರು ಕಟ್ಟಿ ಹಣ್ಣು ಬೇಯುತ್ತದೆ. ಅಂಗಡಿಯಲ್ಲಿ ಕಾಣುವ ಹೊಳೆಯುವ ಕಿತ್ತಳೆ ಬಣ್ಣ ಬರುವುದು ಗಂಧಕದ ಹೊಗೆಯಿಂದ. ಅದು ಹಣ್ಣು ಕಪ್ಪಾಗದಂತೆ ತಡೆಯುತ್ತದೆ. ಹೊಗೆ ಕೊಡದ ಹಣ್ಣು ಕಂದು. ನಮ್ಮ ಮಾತು ಕೇಳುವುದಾದರೆ ಕಂದು ಬಣ್ಣದ್ದನ್ನೇ ತನ್ನಿ.

ಗೊರಟೆ ಎಸೆಯುವುದಿಲ್ಲ. ಜರ್ದಾಳುವಿನಲ್ಲಿ ಬೀಜ ಸಿಹಿ ಇರುವ ಮರ, ಕಹಿ ಇರುವ ಮರ ಎಂದು ಎರಡು ಬಗೆ. ರಕ್ತ್ಸೆ ಕಾರ್ಪೊ ಎಂಬ ತಳಿಯ ಗೊರಟೆ ಬೆಳ್ಳಗಿರುತ್ತದೆ, ಒಳಗಿನ ಬೀಜ ಬಾದಾಮಿಯ ಹಾಗೆ ಸಿಹಿ. ಲಡಾಖಿನ ಈ ತಳಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಎಣ್ಣೆಗೆ ಕಹಿ ಬೀಜವೂ ಆಗುತ್ತದೆ. ಒಂದು ಕಿಲೋ ಗೊರಟೆ ಒಡೆದರೆ ಕಾಲು ಕಿಲೋ, ಸ್ವಲ್ಪ ಹೆಚ್ಚು ಬೀಜ ಸಿಗುತ್ತದೆ. ಚಪ್ಪಡಿ ಕಲ್ಲಿನ ಸಣ್ಣ ಗುಳಿಯಲ್ಲಿ ಗೊರಟೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಇನ್ನೊಂದು ಕಲ್ಲಿನಿಂದ ಒಂದೇ ಪೆಟ್ಟು. ಚಪ್ಪಟೆ ಮಲಗಿಸಿ ಹೊಡೆದರೆ ಬೀಜವೂ ಜಜ್ಜಿ ಚಿಪ್ಪಿನ ಚೂರು ಅದರೊಳಗೆ ಸೇರುತ್ತದೆ. ಬೀಜವನ್ನು ನುಣ್ಣಗೆ ಅರೆದು, ಬೆಚ್ಚಗಿನ ಕಲ್ಲಿನ ಮೇಲಿಟ್ಟು, ಬಿಸಿನೀರು ಚೂರು ಚೂರೇ ಚಿಮುಕಿಸುತ್ತಾ ನಾದುತ್ತಾರೆ. ಹದ ಬಂದಾಗ ಮುದ್ದೆ ಬಿಗಿಯುತ್ತದೆ, ಎಣ್ಣೆ ಬೇರೆಯಾಗಿ ಇಳಿಯುತ್ತದೆ. ನೀರು ಒಮ್ಮೆಲೇ ಸುರಿದರೆ ಎಣ್ಣೆಯೂ ನೀರೂ ಬೆರೆತು ಹಾಲಿನಂತಾಗಿ ಏನೂ ಇಳಿಯುವುದಿಲ್ಲ. ಬೀಜದಲ್ಲಿ ನೂರಕ್ಕೆ 40–50ರಷ್ಟು ಎಣ್ಣೆ ಇದೆ. ಕೈಯಲ್ಲಿ ಹಿಂಡಿದರೆ ಅಷ್ಟು ಕೈಗೆ ಬರುವುದಿಲ್ಲ, ಹಿಂಡಿಯಲ್ಲಿ ಸಾಕಷ್ಟು ಉಳಿಯುತ್ತದೆ. ಕಹಿ ಬೀಜದ ಹಿಂಡಿಯನ್ನು ದನಕ್ಕೆ ಹಾಗೇ ಹಾಕಬಾರದು. ಕಾರಣ ಪ್ರಶ್ನೋತ್ತರದಲ್ಲಿ ಬಂದಿದೆ.

ಇನ್ನು ನಂಗ್‌ಚುಂಗ್. ಪ್ರವಾಸಿಗರಿಗೆ ತೋರಿಸುವ ‘ಕಲ್ಲಿನ ಫ್ರಿಡ್ಜ್’ ಇದೇ. ಹೊರಗಿನಿಂದ ನೋಡಿದರೆ ಗುಂಡುಕಲ್ಲು ಪೇರಿಸಿದ ಗಿಡ್ಡ ಗೂಡು, ಬಗ್ಗಿ ನುಗ್ಗುವಷ್ಟೇ ಬಾಗಿಲು. ಗಾರೆ ಇಲ್ಲ, ಮಣ್ಣು ಮೆತ್ತುವುದಿಲ್ಲ. ಕಟ್ಟಡಕ್ಕಿಂತ ಮುಖ್ಯ ಅದನ್ನು ಕಟ್ಟುವ ಜಾಗ. ಬೆಟ್ಟದಿಂದ ಉರುಳಿದ ಕಲ್ಲುರಾಶಿಯ ಒಳಗೆಲ್ಲ ಸಂದುಗಳಿರುತ್ತವೆ. ತಣ್ಣಗಿನ ಗಾಳಿ ಭಾರ. ಚಳಿಗಾಲದಲ್ಲಿ ಅದು ಈ ಸಂದುಗಳಲ್ಲಿ ಇಳಿದು ಕೂತು ಕಲ್ಲುಗಳನ್ನೇ ತಣಿಸಿಬಿಡುತ್ತದೆ, ಒಳಗೆ ಮಂಜುಗಡ್ಡೆಯೂ ಕಟ್ಟಬಹುದು. ಬೇಸಿಗೆಯಲ್ಲಿ ಆ ತಂಪು ರಾಶಿಯ ಬುಡದಿಂದ ನಿಧಾನವಾಗಿ ಹೊರಗೆ ಸೋರುತ್ತದೆ. ಹಾಗೆ ಸೋರುವ ಬಾಯಿಯ ಮೇಲೆಯೇ ಗೂಡು ಕಟ್ಟಬೇಕು. ನೆಲದ ಸಂದಿಗೆ ಕೈ ಒಡ್ಡಿದರೆ ಗಾಳಿ ತಾಗುತ್ತದೆ. ಮಾಂಸ, ಬೆಣ್ಣೆ, ಹಾಲು ಬೇಸಿಗೆಯಲ್ಲಿ ಅಲ್ಲಿ ಇಡುತ್ತಾರೆ. ಇದನ್ನು ‘ಚೆಂದ ಮಾಡಲು’ ಸಂದಿಗೆ ಸಿಮೆಂಟ್ ಮೆತ್ತಿದರೆ ತಂಪು ಬರುವ ದಾರಿಯೇ ಮುಚ್ಚಿ ಬರೀ ಕಲ್ಲಿನ ಕೋಣೆ ಉಳಿಯುತ್ತದೆ. ಬಾಗಿಲು ದೊಡ್ಡದು ಮಾಡಿದರೂ ಕೆಟ್ಟಿತು. ಕೆಳಗೆ ನಿಂತ ತಂಪುಗಾಳಿ ಹೊರಗೆ ಚೆಲ್ಲಿಹೋಗುತ್ತದೆ. ಇಲ್ಲಿ ನಮ್ಮ ಮನೆ ಹಿತ್ತಲಲ್ಲಿ ಮಾಡಬಹುದೇ ಎಂದು ಯಾರಿಗಾದರೂ ಅನ್ನಿಸಿದ್ದರೆ: ಆಗದು. ಹೆಪ್ಪುಗಟ್ಟಿಸುವ ಚಳಿಗಾಲ ಬೇಕು.

ಮನೆ ಬಗ್ಗೆ ಎರಡು ಮಾತು. ಕಲ್ಲು, ಮಣ್ಣಿನ ಗೋಡೆ. ಪಾಪ್ಲರ್ ಮರದ ತೊಲೆ, ಅದರ ಮೇಲೆ ವಿಲ್ಲೋ ಕಡ್ಡಿ ಒತ್ತಾಗಿ ಹಾಸಿ, ಹುಲ್ಲು, ಆಮೇಲೆ ಮಣ್ಣು ತುಳಿದು ಮಾಡಿದ ಚಪ್ಪಟೆ ಮಾಡು. ಹಣ್ಣು ಒಣಗಿಸುವುದು, ಮೇವು ಪೇರಿಸುವುದು ಆ ಮಾಡಿನ ಮೇಲೆಯೇ. ಮಳೆಯೇ ಇಲ್ಲದ ಊರಿಗೆ ಇದು ಹೇಳಿ ಮಾಡಿಸಿದ್ದು. ಒಂದು ದಿನ ಬಿಡದೆ ಮಳೆ ಬಂದರೆ ಮಣ್ಣು ನೀರು ಕುಡಿದು ತೂಕ ಏರಿ, ತೊಲೆ ಬಗ್ಗಿ ಸೋರುತ್ತದೆ. 2010ರ ಆಗಸ್ಟ್ ಮೊದಲ ವಾರದ ಮೇಘಸ್ಫೋಟದಲ್ಲಿ ಲೇಹ್ ಸುತ್ತಮುತ್ತ 200ಕ್ಕೂ ಹೆಚ್ಚು ಜನ ಸತ್ತರು. ಇಂಥ ಮಣ್ಣಿನ ಮನೆಗಳಿಗೆ ಕೆಸರಿನ ಪ್ರವಾಹವನ್ನು ತಡೆಯುವ ಶಕ್ತಿಯೇ ಇರಲಿಲ್ಲ. ಅದಾದ ಮೇಲೆ ತಗಡಿನ ಮಾಡು, ಕಾಂಕ್ರೀಟ್ ಬಯಸುವವರನ್ನು ‘ಪರಂಪರೆ ಹಾಳು ಮಾಡಿದರು’ ಎಂದು ಬೈಯುವುದು ಹೊರಗಿನವರಿಗೆ ಸುಲಭ.

ಆದರೆ ಗೆಸ್ಟ್ ಹೌಸ್‌ಗಳ ಫ್ಲಶ್ ಕಕ್ಕಸಿನ ಬಗ್ಗೆ ನಮಗೆ ತಕರಾರಿದೆ. ಲಡಾಖಿನ ಹಳೆಯ ಒಣ ಕಕ್ಕಸಿನಲ್ಲಿ ಮೇಲೆ ರಂಧ್ರ, ಕೆಳಗೆ ಕೋಣೆ. ಪ್ರತಿ ಸಲ ಒಂದಿಷ್ಟು ಮಣ್ಣು, ಬೂದಿ ಹಾಕಬೇಕು. ವರ್ಷಕ್ಕೆ ಒಂದು ಸಲ, ಬಿತ್ತನೆಗೆ ಮೊದಲು, ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಜಲ್ಲಿಕಲ್ಲಿನ ಬಡ ನೆಲದಲ್ಲಿ ಎರಡು ಬೆಳೆ ತೆಗೆಯಬೇಕಾದರೆ ಗೊಬ್ಬರ ಎಲ್ಲಿಂದಲಾದರೂ ಬರಲೇಬೇಕಲ್ಲ! ಫ್ಲಶ್ ಬಂದರೆ ಗೊಬ್ಬರ ಹೋಯಿತು, ನೀರೂ ಹೋಯಿತು. ಗುಂಡಿಯಿಂದ ಜಿನುಗಿದ್ದು ಜಲ್ಲಿ ನೆಲದಲ್ಲಿ ಸೋಸಿಕೊಳ್ಳದೆ ಸೀದಾ ತಗ್ಗಿನ ಹಳ್ಳಕ್ಕೆ ಇಳಿಯುತ್ತದೆ. ಹೋದವರು ಒಣ ಕಕ್ಕಸು ಇದ್ದ ಮನೆಯಲ್ಲೇ ಉಳಿದರೆ ಒಳ್ಳೆಯದು. ವಾಸನೆ ಬರುತ್ತಿದ್ದರೆ ಮಣ್ಣು ಕಡಿಮೆ ಹಾಕಿದ್ದಾರೆ ಎಂದು ಅರ್ಥ; ಪಕ್ಕದಲ್ಲೇ ಸಲಿಕೆ ಇರುತ್ತದೆ, ಇನ್ನೆರಡು ಸಲಿಕೆ ಹಾಕಿ.

ಹೋಗುವವರಿಗೆ. ಕಾರವಾರ, ಕುಮಟಾದವರು ಸಮುದ್ರಮಟ್ಟದಲ್ಲಿ ಮಲಗಿ ಎದ್ದು, ಗೋವಾದಿಂದಲೋ ಹುಬ್ಬಳ್ಳಿಯಿಂದಲೋ ದೆಹಲಿ ಮೂಲಕ ವಿಮಾನದಲ್ಲಿ ಲೇಹ್ ಇಳಿದರೆ ಒಂದೇ ಸಲಕ್ಕೆ 3,500 ಮೀಟರ್. ಅಲ್ಲಿ ಗಾಳಿಯ ಒತ್ತಡ ಕರಾವಳಿಯ ಮೂರರಲ್ಲಿ ಎರಡು ಪಾಲು ಮಾತ್ರ. ಖರ್ದುಂಗ್ ಲಾದಲ್ಲಿ ಅರ್ಧ. ಅಲ್ಲಿನ ಹಳೆಯ ಬೋರ್ಡಿನಲ್ಲಿ 18,380 ಅಡಿ ಎಂದು ಬರೆದಿತ್ತು, ಆದರೆ ನಿಜವಾದ ಎತ್ತರ 5,359 ಮೀಟರ್, ಅಂದರೆ ಸುಮಾರು 17,580 ಅಡಿ. ಲೇಹ್‌ನಲ್ಲಿ ಕನಿಷ್ಠ ಎರಡು ರಾತ್ರಿ ಏನೂ ಮಾಡದೆ ಕಳೆಯಿರಿ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಲಕ್ಷಣ. ನಡೆಯುವಾಗ ಓಲಾಡುವುದು, ಕೂತಲ್ಲೇ ಏದುಸಿರು, ಮಾತು ತೊದಲುವುದು ಬಂದರೆ ಕಾಯುವಂತಿಲ್ಲ, ಕೆಳಗೆ ಇಳಿಸಬೇಕು. ತುರ್ತುಕ್ ಲೇಹ್‌ಗಿಂತ ತಗ್ಗಿನಲ್ಲಿದೆ, ಅಲ್ಲಿ ಮುಟ್ಟಿದ ಮೇಲೆ ಉಸಿರು ಸಲೀಸು. ಆದರೆ ವಾಪಸ್ ಬರುವಾಗ ಮತ್ತೆ ಅದೇ ಖರ್ದುಂಗ್ ಲಾ ಇದೆ. ಹಿಮ ಬಿದ್ದು ಅದು ಮುಚ್ಚಿದರೆ ಅಘಂ–ಶ್ಯೋಕ್ ದಾರಿ ಉಂಟು, ದೂರ ಹೆಚ್ಚು. ಹಿಂದಿರುಗುವ ವಿಮಾನಕ್ಕೂ ತುರ್ತುಕ್ ಬಿಡುವ ದಿನಕ್ಕೂ ನಡುವೆ ಒಂದು ದಿನ ಖಾಲಿ ಇಡಿ.

ಸಭಿಕರ ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದ್ದು: ಜರ್ದಾಳು ಗಿಡ ಶಿರಸಿಯಲ್ಲಿ ಬರುತ್ತದೆಯೇ? ಗಿಡ ಬಂದೀತು, ಹಣ್ಣು ಬಾರದು. ಮೊಗ್ಗು ನಿದ್ದೆಯಿಂದ ಏಳಬೇಕಾದರೆ ಚಳಿಗಾಲದಲ್ಲಿ ಏಳು ಡಿಗ್ರಿಗಿಂತ ಕೆಳಗಿನ ತಂಪು ನೂರಾರು ಗಂಟೆ ಸಿಗಬೇಕು. ನಮ್ಮ ಮಾಗಿಚಳಿ ಅದಕ್ಕೆ ಸಾಲದು. ಬಕ್‌ವೀಟ್ ಬೇಕಾದರೆ ಅಕ್ಟೋಬರ್ ಮುಗಿದ ಮೇಲೆ ನೀರು ನಿಲ್ಲದ ಜಾಗದಲ್ಲಿ ಒಂದು ಸಣ್ಣ ಪಾತಿಯಲ್ಲಿ ಹಾಕಿ ನೋಡಬಹುದು. ಜೇನು ಸಾಕಿದವರಿಗೆ ಹೂವಿನಿಂದಲಾದರೂ ಉಪಯೋಗವಾದೀತು.

ಕಹಿ ಬೀಜ ತಿಂದರೆ ಕ್ಯಾನ್ಸರ್ ಗುಣವಾಗುತ್ತದೆ ಎಂದು ವಾಟ್ಸ್ಯಾಪ್‌ನಲ್ಲಿ ಬಂದಿದೆ, ಹೌದೇ ಎಂದು ಒಬ್ಬ ಅಕ್ಕ ಕೇಳಿದರು. ಇಲ್ಲ. ಕಹಿ ಬೀಜದಲ್ಲಿ ಅಮಿಗ್ಡಲಿನ್ ಇದೆ, ಜಗಿದು ನುಂಗಿದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಕೊಟ್ಟ ಎಚ್ಚರಿಕೆಯ ಪ್ರಕಾರ ದೊಡ್ಡವರಿಗೂ ಒಮ್ಮೆಗೆ ಮೂರು ಸಣ್ಣ ಬೀಜ ದಾಟಿದರೆ ಅಪಾಯದ ಮಟ್ಟ ಮೀರಬಹುದು. ಪುಟ್ಟ ಮಕ್ಕಳಿಗೆ ಒಂದೇ ಸಾಕು. ಸಿಹಿ ಬೀಜವನ್ನು ಕೊಳ್ಳುವಾಗ ಒಂದನ್ನು ಚೂರೇ ಕಚ್ಚಿ ತುದಿನಾಲಿಗೆಯಲ್ಲಿ ರುಚಿ ನೋಡಿ, ಕಹಿ ಬಂದರೆ ಉಗುಳಿ, ಆ ಚೀಲ ಬಿಡಿ.

ಥಾಂಗ್‌ನಲ್ಲಿ ಫೋಟೋ ತೆಗೆಯಬಹುದೇ? ವೀಕ್ಷಣೆಯ ಜಾಗದಲ್ಲಿ ನಿಂತ ಸೈನಿಕರನ್ನು ಕೇಳಿ ತೆಗೆಯಿರಿ. ಸೇತುವೆ, ಕ್ಯಾಂಪು, ವಾಹನಸಾಲಿನ ಫೋಟೋ ಬೇಡ. ಡ್ರೋನ್ ಮನೆಯಲ್ಲೇ ಬಿಟ್ಟು ಹೋಗಿ. ಊರಿನ ಹೆಂಗಸರು ಹೊಲದಲ್ಲಿ ಕೆಲಸ ಮಾಡುವಾಗ ಕೇಳದೆ ಕ್ಯಾಮೆರಾ ಹಿಡಿಯುವುದು ಅಲ್ಲಿ ದೊಡ್ಡ ಬೇಸರದ ಸಂಗತಿ.

ಕೊನೆಯದು, ತಂದ ಒಣ ಜರ್ದಾಳು ಇಲ್ಲಿ ಎಷ್ಟು ದಿನ ಇಡಬಹುದು? ಅಲ್ಲಿ ಬಟ್ಟೆ ಚೀಲದಲ್ಲೇ ಚಳಿಗಾಲ ಕಳೆಯುತ್ತದೆ. ಇಲ್ಲಿ ಗಾಳಿಯ ತೇವ ಕುಡಿದು ಮೆತ್ತಗಾಗುತ್ತದೆ, ಆಮೇಲೆ ಬೂಷ್ಟು, ಹುಳ. ಬಂದ ದಿನವೇ ಒಂದು ತಾಸು ಬಿಸಿಲಿಗೆ ಹಾಕಿ, ಪೂರ್ತಿ ತಣಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ ಫ್ರಿಡ್ಜ್‌ನಲ್ಲಿಡಿ. ಬಿಸಿ ಇರುವಾಗ ಮುಚ್ಚಬೇಡಿ, ಒಳಗೆ ಬೆವರುತ್ತದೆ. ಹೊರಗೇ ಇಡುವುದಾದರೆ ಮಳೆಗಾಲ ಹಿಡಿಯುವ ಮೊದಲು ತಿಂದು ಮುಗಿಸಿ.